ವೆಲ್ಡಿಂಗ್ ಕಿಡಿಗೆ ಬಟ್ಟೆ ಸುಡದಿರಲು: ಬಳ್ಳಾರಿ ಜೀನ್ಸನ್ನೇ ಕೆಲಸದ ಉಡುಪಾಗಿಸುವ ಬಗೆ

ಸಿಂಧನೂರು, ಗಂಗಾವತಿಯ ಟ್ರಾಲಿ ಮತ್ತು ಕೇಜ್ ವೀಲ್ (ಗದ್ದೆಗಿಳಿಯುವ ಟ್ರ್ಯಾಕ್ಟರಿನ ಕಬ್ಬಿಣದ ಚಕ್ರ) ಅಂಗಡಿಗಳಿಂದ ಹಿಡಿದು ತೋರಣಗಲ್ಲಿನ ಫ್ಯಾಬ್ರಿಕೇಷನ್ ಶೆಡ್‌ಗಳವರೆಗೆ ಎಲ್ಲೇ ಹೋಗಿ, ವೆಲ್ಡರ್‌ಗಳ ಬಟ್ಟೆಯಲ್ಲಿ ತೂತು ಬೀಳುವ ಜಾಗ ಹೆಚ್ಚುಕಡಿಮೆ ಒಂದೇ: ತೊಡೆಸಂದಿ, ಮೊಣಕಾಲಿನ ಹಿಂಬದಿ, ಪ್ಯಾಂಟಿನ ಕೆಳ ಅಂಚು, ಕಿಸೆಯ ಬಾಯಿ, ತೋಳಿನ ಮಡಿಕೆ. ಕಿಡಿ ಮೈಮೇಲೆಲ್ಲ ಸಿಡಿಯುತ್ತದೆ. ಬಟ್ಟೆ ಬಿಗಿಯಾಗಿ ಇಳಿಜಾರಾಗಿದ್ದ ಕಡೆ ಉರುಳಿ ಬೀಳುತ್ತದೆ, ಮಡಿಕೆ ಸಿಕ್ಕ ಕಡೆ ಕೂತು ಒಳಗೆ ಇಳಿಯುತ್ತದೆ. ಹಾಗಾಗಿ ಯಾವ ನೂಲಿನ ಬಟ್ಟೆ, ಅದರಲ್ಲಿ ಎಷ್ಟು ಮಡಿಕೆ ಎಂಬ ಎರಡನ್ನು ಸರಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಜೀನ್ಸ್ ಹೊಲಿಯುವ ಊರೆಂದೇ ಹೆಸರಾದ ಬಳ್ಳಾರಿ ಪಕ್ಕದಲ್ಲೇ ಇರುವಾಗ ಇದಕ್ಕೆ ದೊಡ್ಡ ಖರ್ಚೂ ಇಲ್ಲ.

ಮೊದಲು ದಾರ ಸುಟ್ಟು ನೋಡಿ

ಕರಗಿದ ಉಕ್ಕಿನ ಹನಿ 1,500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಸಿಡಿಯುತ್ತದೆ. ಹತ್ತಿ ಅದಕ್ಕೆ ಕರಗುವುದಿಲ್ಲ, ಕರಕಲಾಗುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೇ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಗಾಯ ಆಳಕ್ಕೆ ಹೋಗುತ್ತದೆ. ಟೆರಿಕಾಟ್ ಅಂಗಿ, ನೈಲಾನ್ ಟ್ರ್ಯಾಕ್ ಪ್ಯಾಂಟ್, ಜಾಳಿಗೆಯ ಸ್ಪೋರ್ಟ್ಸ್ ಬನಿಯನ್ ವೆಲ್ಡಿಂಗ್ ಜಾಗಕ್ಕೆ ಬರಲೇಬಾರದು.

ಜೀನ್ಸ್ ಅಂದ ಮಾತ್ರಕ್ಕೆ ಹತ್ತಿ ಎಂದು ನಂಬಬೇಡಿ. ಎಳೆದರೆ ರಬ್ಬರಿನಂತೆ ಹಿಗ್ಗುವ ಸ್ಟ್ರೆಚ್ ಜೀನ್ಸಿನಲ್ಲಿ ಸ್ಪ್ಯಾಂಡೆಕ್ಸ್ ಇರುತ್ತದೆ, ಎಷ್ಟೋ ಸಲ ಪಾಲಿಯೆಸ್ಟರ್ ಕೂಡ. ಒಳಹೊಲಿಗೆಯಿಂದ ಉದ್ದ ಮತ್ತು ಅಡ್ಡ ಎರಡೂ ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಎಳೆ ಬೆಂಕಿಯಿಂದ ಹಿಂದೆ ಸರಿದು ಮುದುಡಿ, ತಣ್ಣಗಾದ ಮೇಲೆ ಗಟ್ಟಿ ಗುಂಡಾದರೆ ಅದು ಸಿಂಥೆಟಿಕ್. ಅಡ್ಡ ಎಳೆ ಬಿಟ್ಟು ಉದ್ದದ್ದನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ, ಸ್ಪ್ಯಾಂಡೆಕ್ಸ್ ಸಾಮಾನ್ಯವಾಗಿ ಅಡ್ಡ ಎಳೆಯಲ್ಲೇ ಇರುತ್ತದೆ. ಪ್ಯಾಂಟಿಗೆ 12ರಿಂದ 14 ಔನ್ಸಿನ (ಒಂದು ಚದರ ಗಜ ಬಟ್ಟೆಯ ತೂಕ) ಪೂರ್ಣ ಹತ್ತಿ ಡೆನಿಮ್ ಕೇಳಿ.

ಟೇಲರ್ ಹತ್ತಿರ ಮಾಡಿಸಬೇಕಾದ್ದು

ಪ್ಯಾಂಟಿನ ಕೆಳಭಾಗವನ್ನು ಹೊರಗೆ ಮಡಚಿದ್ದರೆ ಬಿಚ್ಚಿಸಿ, ಒಳಗೆ ಮಡಚಿ ಅಂಚಿಗೆ ಒತ್ತಿ ಹೊಲಿಸಿ. ಉದ್ದ ಶೂ ಲೇಸನ್ನು ಮುಚ್ಚುವಷ್ಟಿರಲಿ. ಪ್ಯಾಂಟನ್ನು ಶೂ ಒಳಗೆ ತೂರಿಸಿದರೆ ಕಿಡಿ ನೇರ ಕಾಲಿಗೇ ಇಳಿಯುತ್ತದೆ. ಅಂಗಿಯ ಎದೆ ಕಿಸೆ ತೆಗೆಸಿಬಿಡಿ, ಬೇಕೇ ಬೇಕೆಂದರೆ ಗುಂಡಿ ಹಾಕುವ ಮುಚ್ಚಳ ಹೊಲಿಸಿ. ಪ್ಯಾಂಟಿನ ಮುಂಗಿಸೆಯ ಬಾಯಿ ಹೊಲಿದು ಮುಚ್ಚಿ. ಹೊಲಿಗೆಗೆ ಹತ್ತಿ ದಾರವೇ ಆಗಬೇಕು: ಬಟ್ಟೆ ಗಟ್ಟಿಯಿದ್ದೂ ಪಾಲಿಯೆಸ್ಟರ್ ದಾರ ಕರಗಿ ತೋಳು ಬಿಚ್ಚಿಕೊಳ್ಳುವುದು ಸಾಮಾನ್ಯ. ಜಿಪ್ ಹಿತ್ತಾಳೆಯದಿರಲಿ. ಫ್ಯಾಷನ್ನಿಗೆಂದು ಹರಿದು ಎಳೆ ಬಿಟ್ಟ ಜೀನ್ಸ್ ಬೇಡವೇ ಬೇಡ, ಬಿಡಿ ಎಳೆಗೆ ಕಿಡಿ ತಟ್ಟನೆ ಹತ್ತಿಕೊಳ್ಳುತ್ತದೆ.

ಅಂಗಿಯನ್ನು ಪ್ಯಾಂಟಿನ ಹೊರಗೇ ಬಿಡಿ. ಒಳಗೆ ಸೇರಿಸಿದರೆ ಸೊಂಟದ ಸುತ್ತ ಕಿಡಿ ಕೂರಲು ಜಾಗವಾಗುತ್ತದೆ. ತೋಳು ಮಣಿಕಟ್ಟಿನವರೆಗೆ, ಕತ್ತಿನ ಗುಂಡಿ ಹಾಕಿರಬೇಕು. ಆರ್ಕ್‌ನ, ಅಂದರೆ ರಾಡಿನ ತುದಿಯಲ್ಲಿ ಉರಿಯುವ ವಿದ್ಯುತ್ ಜ್ವಾಲೆಯ, ಅತಿನೇರಳೆ ಬೆಳಕು ಎದೆಯ ಮೇಲೆ ತೆರೆದ ಜಾಗವನ್ನು ಬಿಸಿಲಿಗಿಂತ ಬೇಗ ಸುಡುತ್ತದೆ.

ಕುಕ್ಕರಗಾಲಿನ ಕೆಲಸ

ನಮ್ಮ ಕಡೆ ಗೇಟು, ಕಿಟಕಿ ಕೆಲಸವೆಲ್ಲ ನೆಲದ ಮೇಲೆಯೇ. ಕುಕ್ಕರಗಾಲಲ್ಲಿ ಕೂತಾಗ ತೊಡೆ ಮತ್ತು ಹೊಟ್ಟೆಯ ನಡುವೆ ಬಟ್ಟೆ ಜೋಳಿಗೆಯಂತೆ ಇಳಿಬಿದ್ದು, ಬಿದ್ದ ಪ್ರತಿ ಹನಿಯೂ ಅಲ್ಲೇ ನಿಲ್ಲುತ್ತದೆ. ಸಾಧ್ಯವಿದ್ದರೆ ಕೆಲಸವನ್ನೇ ಎರಡೂವರೆ, ಮೂರು ಅಡಿ ಎತ್ತರದ ಸ್ಟ್ಯಾಂಡಿಗೆ ಏರಿಸಿ. ಆಗದಿದ್ದರೆ ಕೂತಾಗಲೂ ಮೊಣಕಾಲು ದಾಟಿ ಇಳಿಯುವ ಚರ್ಮದ ಏಪ್ರನ್ ಕಟ್ಟಿ, ಅದರ ತುದಿ ಹೊರಕ್ಕೆ ಜಾರುವಂತೆ ಹರವಿಕೊಳ್ಳಿ. ತಲೆ ಮೇಲಿನ ವೆಲ್ಡಿಂಗಿಗೆ ಏಪ್ರನ್ ಸಾಲದು. ಚರ್ಮದ ತೋಳು ಮತ್ತು ಭುಜದ ಹೊದಿಕೆ, ಮುಖವಾಡದ ಒಳಗೆ ಹತ್ತಿ ಟೊಪ್ಪಿ ಬೇಕು. ಕಾಲಿಗೆ ಚರ್ಮದ ಶೂ. ಕಂಪನಿ ಕೆಲಸಕ್ಕೆ ಸಿದ್ಧ ಉಡುಪು ಕೊಳ್ಳುವವರು ವೆಲ್ಡಿಂಗ್ ಉಡುಪಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 11611 ಗುರುತು ನೋಡಿ. ಒಂದನೇ ವರ್ಗ ಸಾಧಾರಣ ಸಿಡಿತಕ್ಕೆ, ಎರಡನೇ ವರ್ಗ ಹೆಚ್ಚು ಸಿಡಿತಕ್ಕೆ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಚರ್ಮದ ಕೋಟು ಹಾಕಿ ಎಂದರೆ ಯಾರೂ ಹಾಕುವುದಿಲ್ಲ, ಅದು ಸಹಜವೇ. ಬೆನ್ನು ತೆರೆದಿರುವ ಏಪ್ರನ್ ಮತ್ತು ಬಿಡಿ ಚರ್ಮದ ತೋಳು ಇದಕ್ಕೆ ಸರಿಯಾದ ದಾರಿ. ಒಳಗೆ ಹತ್ತಿ ಬನಿಯನ್, ಬದಲಿಗೆ ಇನ್ನೊಂದು ಒಣ ಅಂಗಿ ಜೊತೆಗಿರಲಿ. ಬೆವರಲ್ಲಿ ತೊಯ್ದ ಬಟ್ಟೆ ಮತ್ತು ಕೈಗವಸಿನಲ್ಲಿ ರಾಡಿನ ಹೋಲ್ಡರ್ ಹಿಡಿದರೆ ಶಾಕ್ ಹೊಡೆಯುವ ಅಪಾಯ ಹೆಚ್ಚು. ತಂಪಿಗೆಂದು ಬಟ್ಟೆಗೆ ನೀರು ಚಿಮುಕಿಸಿಕೊಳ್ಳುವ ರೂಢಿ ಇದ್ದರೆ ಇಂದೇ ಬಿಡಿ.

ಕಿಡಿಯನ್ನೇ ಕಡಿಮೆ ಮಾಡಿ

3.15 ಮಿ.ಮೀ. ದಪ್ಪದ, 6013 ನಮೂನೆಯ ವೆಲ್ಡಿಂಗ್ ರಾಡಿಗೆ 90ರಿಂದ 130 ಆಂಪಿಯರ್ ಸಾಕು. ಅದಕ್ಕಿಂತ ಏರಿಸಿದರೆ ಸಿಡಿತವೂ ಏರುತ್ತದೆ. ರಾಡಿನ ತುದಿ ಕೆಲಸದಿಂದ ಹೆಚ್ಚೆಂದರೆ ರಾಡಿನ ದಪ್ಪದಷ್ಟು ದೂರವಿರಲಿ. ತುಕ್ಕು, ಪೇಂಟು, ಎಣ್ಣೆ ಕೆರೆದು ತೆಗೆಯಿರಿ. ತೇವ ಹಿಡಿದ ರಾಡ್ ಪಟಪಟ ಸಿಡಿಯುತ್ತದೆ; ಮಳೆಗಾಲದಲ್ಲಿ ಪ್ಯಾಕೆಟನ್ನು ಸಿಮೆಂಟ್ ನೆಲದ ಮೇಲಿಡದೆ ಮುಚ್ಚಿದ ಡಬ್ಬಿಯಲ್ಲಿಡಿ.

ಇನ್ನು ಜೀವಕ್ಕೇ ಕುತ್ತಾಗುವ ಎರಡು ಸಂಗತಿ. ಗ್ಯಾಸ್ ಲೈಟರ್ ಕಿಸೆಯಲ್ಲಿ ಇಟ್ಟುಕೊಂಡು ವೆಲ್ಡಿಂಗಿಗೆ ಕೂರಬೇಡಿ, ಒಂದು ಕಿಡಿ ಅದರ ಪ್ಲಾಸ್ಟಿಕ್ ತೂತು ಮಾಡಿದರೆ ತೊಡೆಯ ಮೇಲೆಯೇ ಹೊತ್ತಿ ಉರಿಯುತ್ತದೆ. ಗ್ಯಾಸ್ ಕಟಿಂಗ್ ಮಾಡುವವರು ಆಕ್ಸಿಜನ್ ಪೈಪಿನಿಂದ ಬಟ್ಟೆಯ ಧೂಳು ಊದಿಕೊಳ್ಳುವುದು ಇನ್ನೂ ಕೆಟ್ಟದ್ದು. ಆಕ್ಸಿಜನ್ ಹೀರಿದ ಹತ್ತಿ ಒಂದೇ ಕಿಡಿಗೆ ಭುಗಿಲೆನ್ನುತ್ತದೆ, ಆರಿಸಲು ಸಮಯವೇ ಸಿಗುವುದಿಲ್ಲ. ಧೂಳನ್ನು ಬ್ರಷ್‌ನಿಂದ ಕೊಡವಿ.

ಒಗೆಯುವುದು, ತೇಪೆ ಹಾಕುವುದು

ಗ್ರೀಸ್, ಡೀಸೆಲ್ ಹತ್ತಿದ ಬಟ್ಟೆ ಬತ್ತಿಯಂತೆ ಉರಿಯುವುದರಿಂದ, ಕಲೆ ಬಿದ್ದ ಅಂಗಿಯನ್ನು ಒಗೆಯುವವರೆಗೆ ಕೆಲಸಕ್ಕೆ ಹಾಕಬೇಡಿ. ಬ್ಲೀಚ್ ಹಾಕಿದರೆ ನೂಲು ಸಡಿಲವಾಗುತ್ತದೆ, ಸೋಪು ಸಾಕು. ತೂತು ಚಿಕ್ಕದಿದ್ದಾಗಲೇ ಒಳಗಿನಿಂದ ಹತ್ತಿ ಡೆನಿಮ್ ತೇಪೆ ಇಟ್ಟು, ಅಂಚು ಏಳದಂತೆ ಸುತ್ತ ಒತ್ತಿ ಹೊಲಿಯಿರಿ. ಇಸ್ತ್ರಿ ಹಾಕಿ ಅಂಟಿಸುವ ತೇಪೆಯ ಅಂಟು ಬಿಸಿಗೆ ಕರಗುತ್ತದೆ. ಕಟಿಂಗಿನಲ್ಲಿ ಉಳಿದ ತುಂಡುಗಳನ್ನು ಜೀನ್ಸ್ ಹೊಲಿಯುವವರ ಹತ್ತಿರ ಕೇಳಿ ನೋಡಿ, ದಾರ ಸುಟ್ಟು ಪರೀಕ್ಷಿಸಿಯೇ ಬಳಸಿ. ತೊಡೆಯ ಭಾಗ ಬೆಳಕಿಗೆ ಹಿಡಿದಾಗ ನೇಯ್ಗೆ ನಡುವೆ ಬಿಸಿಲು ಕಂಡರೆ ಆ ಪ್ಯಾಂಟಿನ ಕೆಲಸ ಮುಗಿಯಿತು. ಗಟ್ಟಿ ಉಳಿದ ಭಾಗವನ್ನು ಮುಂದಿನದರ ತೇಪೆಗೆ ಕತ್ತರಿಸಿಟ್ಟುಕೊಳ್ಳಿ.