ಹಬ್ಬು ಗುಲಾಬಿಯ ರೆಂಬೆಗಳನ್ನು ಅಡ್ಡಲಾಗಿ ಕಟ್ಟಿ

ಹಬ್ಬು ಗುಲಾಬಿಯ ಉದ್ದನೆಯ ರೆಂಬೆಗಳನ್ನು ನೆಟ್ಟಗೆ ಮೇಲಕ್ಕೆ ಹೋಗಲು ಬಿಡದೆ, ಬೇಲಿಯ ತಂತಿಗೋ ಜಗಲಿಯ ಕಂಬಿಗೋ ಅಡ್ಡಲಾಗಿ ಬಾಗಿಸಿ ಕಟ್ಟಿದರೆ, ಬೇಸಿಗೆಯ ಹೂವು ಹೆಂಚಿನ ಮೇಲೆ ಮಾತ್ರ ಅರಳದೆ, ಜಗಲಿಯಲ್ಲಿ ಕುಳಿತವರ ಎದುರಿಗೇ ಸಾಲಾಗಿ ಅರಳುತ್ತದೆ. ನೆಟ್ಟಗಿರುವ ರೆಂಬೆಯ ತುದಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಚಿಗುರದಂತೆ ತಡೆಯುತ್ತದೆ. ರೆಂಬೆ ಅಡ್ಡವಾದಾಗ ಆ ಹಿಡಿತ ಸಡಿಲಗೊಂಡು, ಅನೇಕ ಗಿಣ್ಣುಗಳಿಂದ ಗಿಡ್ಡ ಚಿಗುರುಗಳೆದ್ದು, ಅವುಗಳ ತುದಿಯಲ್ಲಿ ಮೊಗ್ಗು ಮೂಡುತ್ತದೆ. ನಮ್ಮ ಕೊಡಗಿನಲ್ಲಿ ಇದಕ್ಕೆ ತಕ್ಕ ಕಾಲವೆಂದರೆ, ಮಳೆಗಾಲದಲ್ಲಿ ಬೆಳೆದ ರೆಂಬೆಗಳು ಬಲಿತ ನಂತರ, ಕಾಫಿಯ ಹೂಮಳೆ (ಕಾಫಿ ಗಿಡಗಳನ್ನು ಅರಳಿಸುವ ಬೇಸಿಗೆಯ ಮೊದಲ ಮಳೆ) ಬೀಳುವುದಕ್ಕೆ ಮೊದಲು. ಕಟ್ಟಲು ನೆನೆಸಿದ ಬಾಳೆ ನಾರು ಸಾಕು. ನೈಲಾನ್ ದಾರ ರೆಂಬೆ ದಪ್ಪವಾದಂತೆ ಸಿಪ್ಪೆಯೊಳಗೆ ಇಳಿಯುವುದರಿಂದ ಅದನ್ನು ಬಳಸದಿರುವುದು ಲೇಸು. ರೆಂಬೆಯನ್ನು ಒಮ್ಮೆಗೇ ಎಳೆಯದೆ ಕೆಲವು ದಿನಗಳ ಅಂತರದಲ್ಲಿ ಸ್ವಲ್ಪಸ್ವಲ್ಪವಾಗಿ ಬಾಗಿಸಬೇಕು, ಇಲ್ಲವಾದರೆ ಬುಡದಲ್ಲಿಯೇ ಸೀಳುತ್ತದೆ. ಹೆಬ್ಬೆರಳಿಗಿಂತ ದಪ್ಪವಾಗಿ ಕಂದು ಬಣ್ಣಕ್ಕೆ ತಿರುಗಿದ ಹಳೆಯ ರೆಂಬೆಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ದಿನಕ್ಕೆ 5–6 ಗಂಟೆ ಬಿಸಿಲು ಸಿಗದ ಗಿಡದಲ್ಲಿಯೂ ಅಷ್ಟೇ: ಚಿಗುರೇನೋ ಬರುತ್ತದೆ, ಹೂವು ಮಾತ್ರ ಬೆರಳೆಣಿಕೆಯಷ್ಟು. ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ತಳಿಯಾದರೆ, ಹೂವು ಮುಗಿಯುವ ಮೊದಲು ಕತ್ತರಿ ಹಾಕಬಾರದು, ಏಕೆಂದರೆ ಅದು ಹಿಂದಿನ ವರ್ಷದ ರೆಂಬೆಯಲ್ಲಿಯೇ ಹೂಬಿಡುತ್ತದೆ.