ಪಾಯಿಂಟ್ ಅಳತೆಯ ಅಕ್ಷರ ಎಷ್ಟು ಪಿಕ್ಸೆಲ್ ಆಗುತ್ತದೆ? ಲೆಕ್ಕ ಹಾಕುವುದು ಹೀಗೆ

ಆಮಂತ್ರಣ ಪತ್ರಿಕೆಯನ್ನು ತಾವೇ ವಿನ್ಯಾಸ ಮಾಡಿಕೊಂಡು ಮುದ್ರಣಕ್ಕೆ ತರುವವರು ಒಂದೇ ತಪ್ಪು ಮಾಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಪರದೆಯಲ್ಲಿ ಸ್ಫುಟವಾಗಿದ್ದ 12 ಪಾಯಿಂಟಿನ ವಿಳಾಸವನ್ನು ಕಾಗದದ ಮೇಲೆ ಓದಲೇ ಆಗುವುದಿಲ್ಲ.

ಮೊದಲು ತಿಳಿಯಬೇಕಾದದ್ದು: ಪಾಯಿಂಟ್ ಎಂಬುದು ಉದ್ದದ ಅಳತೆ, ಒಂದು ಇಂಚಿನ 72ನೇ ಒಂದು ಭಾಗ, ಪಿಕ್ಸೆಲ್ ಬರಿಯ ಚುಕ್ಕೆ. ಇಂಚಿಗೆ ಎಷ್ಟು ಚುಕ್ಕೆ ಎಂದು ಹೇಳುವ ರೆಸಲ್ಯೂಷನ್ ಇವೆರಡನ್ನೂ ಜೋಡಿಸುತ್ತದೆ. ಪಾಯಿಂಟನ್ನು ರೆಸಲ್ಯೂಷನ್‌ನಿಂದ ಗುಣಿಸಿ 72ರಿಂದ ಭಾಗಿಸಿದರೆ ಪಿಕ್ಸೆಲ್ ಸಿಗುತ್ತದೆ. 1984ರ ಮ್ಯಾಕಿಂಟೋಷ್ ಪರದೆಯಲ್ಲಿ ಇಂಚಿಗೆ 72 ಚುಕ್ಕೆಗಳಿದ್ದುದರಿಂದ ಎರಡೂ ಒಂದೇ ಆಗಿದ್ದವು, ಈಗ ಹಾಗಿಲ್ಲ. ರೆಸಲ್ಯೂಷನ್ ಎಷ್ಟೆಂದು ಕೇಳದೆಯೇ ಉತ್ತರ ಕೊಡುವ ಪರಿವರ್ತಕಗಳನ್ನು ಮುದ್ರಣದ ಕೆಲಸಕ್ಕೆ ಬಳಸಲೇಬೇಡಿ.

ಎಡವುವುದು ಮುಂದಿನ ಹಂತದಲ್ಲಿ. ಐದು ಇಂಚು ಅಗಲದ ಪತ್ರಿಕೆಗೆಂದು 1500 ಪಿಕ್ಸೆಲ್ ಅಗಲದ ಕಡತ ತೆರೆದು, ರೆಸಲ್ಯೂಷನ್ ಅನ್ನು 72ರಲ್ಲೇ ಬಿಟ್ಟಿದ್ದೀರಿ ಎಂದುಕೊಳ್ಳಿ. ಆಗ 12 ಪಾಯಿಂಟ್ ಅಕ್ಷರಕ್ಕೆ ಸಿಗುವುದು 12 ಪಿಕ್ಸೆಲ್ ಮಾತ್ರ. ಅದೇ ಕಡತವನ್ನು ಐದು ಇಂಚಿಗೆ ಇಳಿಸಿ ಮುದ್ರಿಸಿದಾಗ ಇಂಚಿಗೆ 300 ಚುಕ್ಕೆ ಕೂರುವುದರಿಂದ ಅಕ್ಷರ 2.88 ಪಾಯಿಂಟಿಗೆ ಕುಗ್ಗುತ್ತದೆ. ಆದ್ದರಿಂದ ಒಂದಕ್ಷರ ಟೈಪ್ ಮಾಡುವ ಮುನ್ನವೇ ರೆಸಲ್ಯೂಷನ್ 300 ಎಂದು ನಮೂದಿಸಿ. 12 ಪಾಯಿಂಟಿಗೆ 50 ಪಿಕ್ಸೆಲ್ ದೊರೆಯುತ್ತದೆ. ಕೆಲಸ ಆಗಲೇ ಮುಗಿದಿದ್ದರೆ, ಫೋಟೋಶಾಪ್‌ನಲ್ಲಿ ರೀಸ್ಯಾಂಪಲ್ (ಚುಕ್ಕೆಗಳ ಸಂಖ್ಯೆಯನ್ನೇ ಬದಲಿಸುವ ಆಯ್ಕೆ) ಎಂಬುದರ ಮುಂದಿನ ಗುರುತನ್ನು ತೆಗೆದ ಮೇಲೆಯೇ 300ಕ್ಕೆ ಬದಲಿಸಿ. ಗುರುತು ಹಾಗೇ ಉಳಿದರೆ ತಂತ್ರಾಂಶವು ಇಲ್ಲದ ಚುಕ್ಕೆಗಳನ್ನು ಊಹಿಸಿ ತುಂಬಿ, ಫೋಟೋಗಳನ್ನು ಮಸುಕು ಮಾಡುತ್ತದೆ. ಗುರುತು ತೆಗೆದಿದ್ದರೆ ಅಕ್ಷರದ ನಿಜವಾದ ಅಳತೆ 2.88 ಎಂದೇ ಕಾಣುತ್ತದೆ, ಅದನ್ನು ತಿದ್ದಿಕೊಳ್ಳಬಹುದು.

ಜಾಲತಾಣಕ್ಕಾದರೆ ಲೆಕ್ಕ ಸುಲಭ: ಜಾಲಪುಟಗಳ ರೂಪವನ್ನು ನಿರ್ಧರಿಸುವ ಭಾಷೆಯಾದ ಸಿಎಸ್ಎಸ್‌ನಲ್ಲಿ ಒಂದು ಇಂಚಿಗೆ 96 ಪಿಕ್ಸೆಲ್ ಎಂದು ನಿಗದಿಯಾಗಿರುವುದರಿಂದ 12 ಪಾಯಿಂಟ್ ಎಂದರೆ 16 ಪಿಕ್ಸೆಲ್. ಅಲ್ಲಿ ಪಾಯಿಂಟನ್ನು ಬಳಸದಿರುವುದೇ ಒಳ್ಳೆಯದು.

ಕನ್ನಡಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಪಾಯಿಂಟ್ ಅಳೆಯುವುದು ಅಕ್ಷರ ಕೂರುವ ಚೌಕಟ್ಟನ್ನೇ ಹೊರತು ಅಕ್ಷರದ ಎತ್ತರವನ್ನಲ್ಲ. ಒಂದೇ ಅಳತೆಯಲ್ಲಿ ಎರಡು ಫಾಂಟ್‌ಗಳು ಬೇರೆ ಬೇರೆ ಗಾತ್ರದಲ್ಲಿ ಕಾಣುವುದು ಇದರಿಂದಲೇ. ಸಾಲುಗಳ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬೇಡಿ. ‘ರಾಷ್ಟ್ರೀಯ’ ಎಂದು ಒಂದರ ಕೆಳಗೊಂದು ಎರಡು ಬಾರಿ ಟೈಪ್ ಮಾಡಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ದೀರ್ಘಕ್ಕೆ ತಾಗುತ್ತದೆಯೇ ಎಂದು ಶೇ 100ರ ಅಳತೆಯಲ್ಲಿ ಮುದ್ರಿಸಿ ನೋಡಿ.