ಎದೆನೋವನ್ನು ಗ್ಯಾಸ್ ಅಂದುಕೊಂಡು ಕೂರಬೇಡಿ: ಇಂಗ್ಲೆಂಡಿನಲ್ಲಿ ಎ ಅಂಡ್ ಇಗೆ ಯಾವಾಗ ಹೋಗಬೇಕು

ಇಂಗ್ಲೆಂಡಿಗೆ ಬಂದು ನೆಲೆಸಿದ ನಮ್ಮವರಲ್ಲಿ ಎರಡು ಥರದವರನ್ನು ನೋಡುತ್ತಿರುತ್ತೇನೆ. ಮಗುವಿಗೆ ಜ್ವರ ಬಂದ ಮೊದಲ ರಾತ್ರಿಯೇ ಎ ಅಂಡ್ ಇಗೆ, ಅಂದರೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿ, ಗಂಟೆಗಟ್ಟಲೆ ಕಾದು, 'ಪ್ಯಾರಾಸಿಟಮಾಲ್ ಕೊಡಿ, ನೀರು ಕುಡಿಸಿ' ಅನ್ನಿಸಿಕೊಂಡು ಬೇಜಾರಿನಲ್ಲಿ ವಾಪಸ್ ಬರುವವರು ಕೆಲವರು. ಎದೆ ಹಿಂಡುತ್ತಿದ್ದರೂ 'ಗ್ಯಾಸ್ಟ್ರಿಕ್ ಇರಬೇಕು' ಅಂತ ಈನೋ ಕುಡಿದು, ಬೆಳಗಾಗಲಿ ನೋಡೋಣ ಅನ್ನುವವರು ಇನ್ನು ಕೆಲವರು. ಮೊದಲನೆಯವರಿಗೆ ಒಂದು ರಾತ್ರಿಯ ನಿದ್ದೆ ಹೋಗುತ್ತದೆ. ಎರಡನೆಯವರಿಗೆ ಜೀವವೇ ಹೋಗಬಹುದು. ಅವರಿಗಾಗಿಯೇ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿ ಮೈ ಸರಿಯಿಲ್ಲ ಅನ್ನಿಸಿದರೆ ನೇರವಾಗಿ ನರ್ಸಿಂಗ್ ಹೋಮ್‌ಗೆ ಹೋಗಿ ಚೀಟಿ ಮಾಡಿಸುತ್ತೇವೆ. ಬೇಕಾದರೆ ಅದೇ ದಿನ ಹೃದಯದ ಡಾಕ್ಟರನ್ನೋ ಮೂಳೆ ಡಾಕ್ಟರನ್ನೋ ನೋಡುತ್ತೇವೆ. ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಆ ದಾರಿ ಇಲ್ಲ. ದಿನನಿತ್ಯದ ಕಾಯಿಲೆಗೆಲ್ಲ ನಿಮ್ಮ ಏರಿಯಾದ ಜಿಪಿ, ಅಂದರೆ ಕುಟುಂಬ ವೈದ್ಯರು. ತಜ್ಞರ ಹತ್ತಿರ ಕಳಿಸಬೇಕಾ ಬೇಡವಾ ಅಂತ ನಿರ್ಧರಿಸುವುದು ಸಾಮಾನ್ಯವಾಗಿ ಅವರೇ. ಎ ಅಂಡ್ ಇ ಇರುವುದು ಜೀವಕ್ಕೋ ಕೈಕಾಲಿಗೋ ಕಣ್ಣಿಗೋ ಈಗಲೇ ಅಪಾಯ ಇದ್ದಾಗ. ಜಿಪಿ ಅಪಾಯಿಂಟ್‌ಮೆಂಟ್ ಸಿಗಲಿಲ್ಲ ಅಂತ ಅಲ್ಲಿಗೆ ಹೋದರೆ ಬೇಗ ಏನೂ ಆಗುವುದಿಲ್ಲ.

ಹಾಗಾದರೆ ಯೋಚನೆ ಮಾಡದೆ ಆಂಬುಲೆನ್ಸ್ ಕರೆಸುವ ತುರ್ತು ನಂಬರ್ 999ಕ್ಕೆ ಫೋನ್ ಮಾಡಬೇಕಾದದ್ದು ಯಾವಾಗ? ಎದೆಯಲ್ಲಿ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ನೋವು ಬಂದಾಗ. ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡಬಹುದು, ಜೊತೆಗೆ ತಣ್ಣನೆ ಬೆವರು, ವಾಕರಿಕೆ ಇರಬಹುದು. ಮುಖ ಒಂದು ಕಡೆ ಸೊಟ್ಟಗಾದಾಗ, ಒಂದು ಕೈ ಎತ್ತಲು ಆಗದಿದ್ದಾಗ, ಮಾತು ತೊದಲಿದಾಗ. ಇದು ಪಾರ್ಶ್ವವಾಯು. ಹತ್ತು ನಿಮಿಷದಲ್ಲಿ ಸರಿಹೋಯಿತು ಅಂತ ಅನ್ನಿಸಿದರೂ ಫೋನ್ ಮಾಡಲೇಬೇಕು. ರಕ್ತದ ಗಡ್ಡೆ ಕರಗಿಸುವ ಔಷಧ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದದ್ದು. ಹಾಗಾಗಿ 'ಎಷ್ಟು ಹೊತ್ತಿಗೆ ಶುರುವಾಯಿತು' ಅನ್ನುವುದನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಉಸಿರಾಡಲು ಕಷ್ಟವಾಗಿ ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದಾಗ, ರಕ್ತ ನಿಲ್ಲದೆ ಹರಿಯುತ್ತಿದ್ದಾಗ, ಫಿಟ್ಸ್ ನಿಲ್ಲದಿದ್ದಾಗ, ಅಲರ್ಜಿಯಿಂದ ನಾಲಿಗೆ, ಗಂಟಲು ಊದಿಕೊಂಡಾಗ, ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದು ಏನೇನೋ ಮಾತಾಡುತ್ತಿದ್ದಾಗಲೂ ಅಷ್ಟೇ.

ಎದೆನೋವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದಯದ ಕಾಯಿಲೆ ಜಾಸ್ತಿ, ಅದೂ ಚಿಕ್ಕ ವಯಸ್ಸಿಗೇ ಬರುತ್ತದೆ. ಶುಗರ್ ಇರುವವರಿಗೆ ಹಾರ್ಟ್ ಅಟ್ಯಾಕ್ ಆದರೂ ನೋವು ಗೊತ್ತಾಗದೆ ಇರಬಹುದು, ಸುಸ್ತು, ಬೆವರು, ಏದುಸಿರು ಅಷ್ಟೇ ಕಾಣಬಹುದು. ನಮ್ಮ ಮನೆಗಳಲ್ಲಿ ಇದೆಲ್ಲಕ್ಕೂ ಮೊದಲು ಬರುವ ಮಾತು ಗ್ಯಾಸ್. ಓಮದ ನೀರು, ಜೀರಿಗೆ ನೀರು, ಆಮೇಲೆ ಬೆನ್ನು ನೀವುವುದು. ಮಾಮೂಲಿ ಹೊಟ್ಟೆ ಉಬ್ಬರಕ್ಕೆ ಅದೆಲ್ಲ ಸರಿ. ಐವತ್ತು ದಾಟಿದ, ಬಿಪಿ ಶುಗರ್ ಇರುವ ಮನುಷ್ಯನಿಗೆ ಬೆವರಿನ ಜೊತೆ ಎದೆನೋವು ಬಂದರೆ ಸರಿ ಅಲ್ಲ. ಕಾರಿನಲ್ಲಿ ಕೂರಿಸಿಕೊಂಡು ನೀವೇ ಹೊರಡಬೇಡಿ. ಆಂಬುಲೆನ್ಸಿನವರು ಮನೆಯಲ್ಲೇ ಇಸಿಜಿ ತೆಗೆಯುತ್ತಾರೆ. ಅಟ್ಯಾಕ್ ಅಂತ ಕಂಡರೆ ಹತ್ತಿರದ ಎ ಅಂಡ್ ಇ ಬಿಟ್ಟು, ತಕ್ಷಣ ಸ್ಟೆಂಟ್ ಹಾಕುವ ಆಸ್ಪತ್ರೆಗೇ ನೇರವಾಗಿ ಕರೆದುಕೊಂಡು ಹೋಗಬಹುದು. ಆ ಆಸ್ಪತ್ರೆ ಯಾವುದು ಅಂತ ನಿಮಗೆ ಗೊತ್ತಿರುವುದಿಲ್ಲ, ಅವರಿಗೆ ಗೊತ್ತಿರುತ್ತದೆ.

ನನ್ನ ಸ್ನೇಹಿತರ ಮನೆಗೆ ಹಾಸನದಿಂದ ಅವರ ಅಪ್ಪ ಬಂದಿದ್ದರು, ವಿಸಿಟರ್ ವೀಸಾದಲ್ಲಿ. ಒಂದು ರಾತ್ರಿ ಊಟವಾದ ಮೇಲೆ ಅವರು ಸೋಫಾದ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತರು. ಶರ್ಟಿನ ಬೆನ್ನೆಲ್ಲ ಒದ್ದೆ. ಸೊಸೆ ಫೋನ್ ಕೈಗೆತ್ತಿಕೊಂಡರೆ, 'ಬೇಡಮ್ಮ, ಸುಮ್ನೆ ಯಾಕೆ ಖರ್ಚು, ಈನೋ ಇದ್ದರೆ ಕೊಡು ಸಾಕು' ಅಂದರು. ಅವರಿಗಿದ್ದ ಹೆದರಿಕೆ ಸಾವಿನದ್ದಲ್ಲ, ಮಗನಿಗೆ ಬರುವ ಬಿಲ್‌ನದ್ದು. ಸೊಸೆ ಮಾತು ಕೇಳದೆ 999ಕ್ಕೆ ಫೋನ್ ಮಾಡಿದರು. ಆ ರಾತ್ರಿಯೇ ಸ್ಟೆಂಟ್ ಬಿತ್ತು. ಬಿಲ್ಲೂ ಬಂತು, ಕಂತಿನಲ್ಲಿ ಕಟ್ಟಿದರು. ಅಪ್ಪ ಈಗ ಹಾಸನದಲ್ಲಿದ್ದಾರೆ.

ಬಿಲ್ಲಿನ ವಿಷಯ ಸರಿಯಾಗಿ ತಿಳಿದುಕೊಂಡರೆ ಈ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ನೀವು ಕೆಲಸದ ವೀಸಾದಲ್ಲೋ ಸ್ಟೂಡೆಂಟ್ ವೀಸಾದಲ್ಲೋ ಇದ್ದು, ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದರೆ ಆಸ್ಪತ್ರೆಯ ಚಿಕಿತ್ಸೆಗೆ ಬೇರೆ ದುಡ್ಡಿಲ್ಲ. ಫೆಬ್ರವರಿ 2024ರಿಂದ ಆ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ ಮಕ್ಕಳಿಗೂ 776. ವಿಸಿಟರ್ ವೀಸಾದ ಅಪ್ಪ ಅಮ್ಮನಿಗೆ ನಿಯಮ ಬೇರೆ. ಎ ಅಂಡ್ ಇ ಒಳಗೆ ನಡೆಯುವ ಚಿಕಿತ್ಸೆ ಅವರಿಗೂ ಉಚಿತ. ವಾರ್ಡಿಗೆ ಅಡ್ಮಿಟ್ ಆದ ಕ್ಷಣದಿಂದ ಮತ್ತು ಆಮೇಲಿನ ಫಾಲೋಅಪ್‌ಗೆ ಚಾರ್ಜ್ ಇದೆ, ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ಆದರೆ ತುರ್ತಾಗಿ ಬೇಕಾದ ಚಿಕಿತ್ಸೆಯನ್ನು ದುಡ್ಡು ಕಟ್ಟಿಲ್ಲ ಅಂತ ತಡೆಯುವ ಹಾಗಿಲ್ಲ. ಮೊದಲು ಅಡ್ವಾನ್ಸ್ ಕಟ್ಟಿ ಅಂತ ಕೌಂಟರಿನಲ್ಲಿ ನಿಲ್ಲಿಸುವುದಿಲ್ಲ. ಬಿಲ್ ಆಮೇಲೆ ಬರುತ್ತದೆ. ಅದನ್ನು ಸುಮ್ಮನೆ ಬಿಡಬೇಡಿ, ಕಂತು ಮಾಡಿಕೊಡಿ ಅಂತ ಕೇಳಿ. 500 ಪೌಂಡೋ ಅದಕ್ಕಿಂತ ಜಾಸ್ತಿಯೋ ಬಾಕಿ ಉಳಿದುಬಿಟ್ಟರೆ ಮುಂದಿನ ವೀಸಾಕ್ಕೆ ತೊಂದರೆಯಾಗಬಹುದು. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮೊದಲೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ಬಿಪಿ, ಶುಗರ್, ಹಳೆಯ ಸ್ಟೆಂಟ್ ಎಲ್ಲವನ್ನೂ ಅದರಲ್ಲಿ ಬರೆಸಿ. ಮುಚ್ಚಿಟ್ಟರೆ ಕ್ಲೇಮ್ ಸಿಗುವುದಿಲ್ಲ.

ಎ ಅಂಡ್ ಇಗೆ ಹೋದ ಮೇಲೆ ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕ ಇಲ್ಲ. ಒಬ್ಬ ನರ್ಸ್ ಒಳಗೆ ಕರೆದು ಬಿಪಿ, ಆಕ್ಸಿಜನ್, ಟೆಂಪರೇಚರ್ ನೋಡಿ, ನಾಲ್ಕು ಪ್ರಶ್ನೆ ಕೇಳಿ, ನಿಮ್ಮದು ಎಷ್ಟು ತುರ್ತು ಅಂತ ನಿರ್ಧರಿಸುತ್ತಾರೆ. ಇದೇ ಟ್ರಯಾಜ್. ಬಹಳ ಆಸ್ಪತ್ರೆಗಳಲ್ಲಿ ಬಳಸುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು ಬಣ್ಣ: ಕೆಂಪಾದರೆ ತಕ್ಷಣ, ನೀಲಿಯಾದರೆ ನಾಲ್ಕು ಗಂಟೆ ಕಾದರೂ ಪರವಾಗಿಲ್ಲ ಅಂತ. ನಿಮ್ಮ ನಂತರ ಬಂದವರು ಮೊದಲು ಒಳಗೆ ಹೋದರೆ ಅವರ ಸ್ಥಿತಿ ನಿಮಗಿಂತ ಕೆಟ್ಟಿದೆ ಅಂತ ಅರ್ಥ. ನಾಲ್ಕು ಗಂಟೆಯೊಳಗೆ 95 ಶೇಕಡಾ ಜನರನ್ನು ನೋಡಿ ಮುಗಿಸಬೇಕು ಅನ್ನುವ ಗುರಿ ಇಲ್ಲಿ ಇದೆ. ಇಡೀ ಇಂಗ್ಲೆಂಡಿನಲ್ಲಿ ಅದನ್ನು ಕೊನೆಯ ಸಲ ಮುಟ್ಟಿದ್ದು 2015ರ ಜುಲೈನಲ್ಲಿ.

ಈ ನರ್ಸ್ ಮುಂದೆ ನಮ್ಮ ಹಿರಿಯರು ಮಾಡುವ ಒಂದು ಕೆಲಸ ನನಗೆ ನಿಜವಾಗಿ ಚಿಂತೆ ತರುತ್ತದೆ. ಮನೆಯಲ್ಲಿ ನರಳುತ್ತಿದ್ದವರು, ಯೂನಿಫಾರ್ಮ್ ಹಾಕಿದವರು 'ನೋವು ಹತ್ತಕ್ಕೆ ಎಷ್ಟು' ಅಂತ ಕೇಳಿದ ಕೂಡಲೇ ನೆಟ್ಟಗೆ ಕೂತು 'ಪರವಾಗಿಲ್ಲ, ಸ್ವಲ್ಪ ಇದೆ' ಅನ್ನುತ್ತಾರೆ. ನರ್ಸ್ ಬರೆದುಕೊಳ್ಳುವುದು ಅಷ್ಟೇ. ಸಂಕೋಚ ಬೇಡ. ಜೊತೆಗೆ ಹೋದ ನೀವು ಹೇಳಿ: ಒಂಬತ್ತು ಗಂಟೆಗೆ ಶುರುವಾಯಿತು, ಬೆವರಿದರು, ಎರಡು ಸಲ ವಾಂತಿಯಾಯಿತು, ಮಾಮೂಲಿಯಾಗಿ ಇವರು ಹೀಗೆ ಕೂರುವವರಲ್ಲ. ಕಾಯುವಾಗ ಹೆಚ್ಚಾದರೆ ಎದ್ದು ಹೋಗಿ ಮತ್ತೆ ಹೇಳಿ. ಕನ್ನಡ ಬಿಟ್ಟು ಬೇರೆ ಭಾಷೆ ಬರದಿದ್ದರೆ ದುಭಾಷಿಯನ್ನು ಕೇಳುವ ಹಕ್ಕಿದೆ.

ಔಷಧಿಗಳ ಹೆಸರನ್ನೂ ಇಲ್ಲಿನವರಿಗೆ ಅರ್ಥವಾಗುವ ಹಾಗೆ ಬರೆದಿಟ್ಟುಕೊಳ್ಳಿ. ಎಕೋಸ್ಪ್ರಿನ್, ಗ್ಲೈಕೋಮೆಟ್, ಡೋಲೋ ಅಂದರೆ ಇಲ್ಲಿನ ಡಾಕ್ಟರಿಗೆ ಗೊತ್ತಾಗುವುದು ಕಷ್ಟ. ಆಸ್ಪಿರಿನ್, ಮೆಟ್‌ಫಾರ್ಮಿನ್, ಪ್ಯಾರಾಸಿಟಮಾಲ್ ಅಂತ ಬರೆಯಿರಿ, ಎಷ್ಟು ಮಿಲಿಗ್ರಾಂ ಅಂತಲೂ. ಅಸಿಟ್ರಾಮ್‌ನಂಥ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಚೆನ್ನಾಗಿಯೇ ಇದ್ದಾರೆ ಅನ್ನಿಸಿದರೂ ಎ ಅಂಡ್ ಇಗೆ ಕರೆದುಕೊಂಡು ಹೋಗಿ. ಇನ್ನೊಂದು: ಊರಿಂದ ತಂದ ಡೋಲೋ 650ರಲ್ಲಿರುವುದೂ ಪ್ಯಾರಾಸಿಟಮಾಲ್, ಇಲ್ಲಿನ ನೆಗಡಿ ಔಷಧ ಲೆಮ್ಸಿಪ್‌ನಲ್ಲಿರುವುದೂ ಅದೇ. ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಮಿತಿ ಮೀರಿದರೆ ಲಿವರ್‌ಗೆ ಅಪಾಯ. ಡೋಸ್ ಜಾಸ್ತಿಯಾಯಿತು ಅಂತ ಗೊತ್ತಾದರೆ, ಏನೂ ಆಗಿಲ್ಲ ಅನ್ನಿಸಿದರೂ ಅವತ್ತೇ ಹೋಗಬೇಕು.

ಮಕ್ಕಳ ಜ್ವರದಲ್ಲಿ ವಯಸ್ಸು ಮುಖ್ಯ. ಮೂರು ತಿಂಗಳ ಒಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಆದರೂ, ಮೂರರಿಂದ ಆರು ತಿಂಗಳ ಮಗುವಿಗೆ 39 ಆದರೂ ಆಗಲೇ ಜಿಪಿಗೋ, ಎನ್‌ಎಚ್‌ಎಸ್‌ನ ಸಲಹೆಯ ನಂಬರ್ 111ಕ್ಕೋ ಫೋನ್ ಮಾಡಿ. ದೊಡ್ಡ ಮಕ್ಕಳಲ್ಲಿ ಥರ್ಮಾಮೀಟರಿಗಿಂತ ಮಗುವನ್ನು ನೋಡಿ. ಜ್ವರ ಇಳಿದಾಗ ಆಡುತ್ತಾ, ಕುಡಿಯುತ್ತಾ ಇದ್ದರೆ ಸಾಮಾನ್ಯವಾಗಿ ಮನೆಯಲ್ಲಿ ನೋಡಿಕೊಳ್ಳಬಹುದು. ಎಬ್ಬಿಸಿದರೆ ಏಳದಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಕುತ್ತಿಗೆ ಬಿಗಿದಿದ್ದರೆ, ಮೈಮೇಲಿನ ಗುಳ್ಳೆ ಅಥವಾ ಕಲೆಯ ಮೇಲೆ ಗಾಜಿನ ಲೋಟ ಒತ್ತಿದರೂ ಮಾಸದಿದ್ದರೆ 999. ನಮ್ಮ ಬಣ್ಣದ ಚರ್ಮದಲ್ಲಿ ಆ ಕಲೆಗಳು ಬೇಗ ಕಾಣುವುದಿಲ್ಲ. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಭಾಗ, ಬಾಯಿಯ ಮೇಲಿನ ಅಂಗಳ ನೋಡಿ. ಗುಂಡಿಯಂಥ ಚಿಕ್ಕ ಬ್ಯಾಟರಿ ನುಂಗಿದರೆ ಲಕ್ಷಣಕ್ಕೆ ಕಾಯಬೇಡಿ, ನೇರ ಎ ಅಂಡ್ ಇ.

ಅಷ್ಟು ತುರ್ತಲ್ಲ, ಆದರೆ ಬೆಳಗಿನ ತನಕ ಕಾಯುವುದೂ ಸರಿಯೋ ಗೊತ್ತಿಲ್ಲ ಅನ್ನುವಾಗ 111. ಇಪ್ಪತ್ನಾಲ್ಕು ಗಂಟೆ ಉಚಿತ. ಪ್ರಶ್ನೆ ಬಹಳ ಕೇಳುತ್ತಾರೆ, ತಾಳ್ಮೆಯಿಂದ ಉತ್ತರಿಸಿ. ಅಗತ್ಯ ಇದ್ದರೆ ಅವರೇ ಆಂಬುಲೆನ್ಸ್ ಕಳಿಸುತ್ತಾರೆ, ಇಲ್ಲದಿದ್ದರೆ ಅರ್ಜೆಂಟ್ ಟ್ರೀಟ್‌ಮೆಂಟ್ ಸೆಂಟರಿನಲ್ಲಿ ಸಮಯ ಗೊತ್ತುಮಾಡಿಕೊಡಬಹುದು. ಕಾಲು ಉಳುಕಿದೆ, ಮಣಿಕಟ್ಟು ಮುರಿದಿರಬಹುದು, ಕೈ ಕೊಯ್ದುಕೊಂಡು ಹೊಲಿಗೆ ಬೇಕು ಅನ್ನುವುದಕ್ಕೆಲ್ಲ ಆ ಸೆಂಟರೇ ಮೇಲು. ಮನಸ್ಸು ತೀರಾ ಕುಸಿದಿದ್ದರೆ 111ರಲ್ಲಿ ಎರಡನೇ ಆಯ್ಕೆ ಒತ್ತಿ. ಗಂಟಲು ನೋವು, ಹೆಂಗಸರ ಉರಿಮೂತ್ರ, ಮಕ್ಕಳ ಕಿವಿನೋವಿನಂಥ ಏಳು ತೊಂದರೆಗಳಿಗೆ 2024ರ ಜನವರಿ ಕೊನೆಯಿಂದ ಫಾರ್ಮಸಿಯಲ್ಲೇ, ಬೇಕಾದರೆ ಆಂಟಿಬಯೋಟಿಕ್ ಕೂಡ ಸಿಗುತ್ತದೆ.

ಜಿಪಿ ಹತ್ತಿರ ಹೆಸರು ನೋಂದಾಯಿಸದೆ ಇರುವವರು ಇವತ್ತೇ ಆ ಕೆಲಸ ಮಾಡಿ. ಅದಕ್ಕೆ ವಿಳಾಸದ ಪುರಾವೆಯಾಗಲಿ ವೀಸಾವಾಗಲಿ ಕಡ್ಡಾಯ ಅಲ್ಲ, ದುಡ್ಡೂ ಇಲ್ಲ. ಎ ಅಂಡ್ ಇಯಿಂದ ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಪತ್ರ ಜಿಪಿಗೂ ಹೋಗುತ್ತದೆ. ನಿಮ್ಮ ಕೈಗೂ ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ, ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕು ಅಂತ ಅಲ್ಲೇ ಕೇಳಿ ಅದರ ಹಿಂದೆ ಬರೆದುಕೊಳ್ಳಿ. ಊರಿಗೆ ವಾಪಸ್ ಹೋಗುವ ಅಪ್ಪ ಅಮ್ಮನಿಗಂತೂ ಆ ಪತ್ರ ಬೇಕೇ ಬೇಕು, ಅಲ್ಲಿನ ಡಾಕ್ಟರ್ ಮೊದಲು ಕೇಳುವುದು ಅದನ್ನೇ.